ಬೆಲೊ ಹೊರಿಜಾಂಟೆಯ ಭಾನುವಾರ: ಮೊದಲು ಮಾರ್ಕೆಟ್, ಆಮೇಲೆ ಪಾರ್ಕ್

ಬ್ರೆಜಿಲ್ ಅಂದರೆ ಎಲ್ಲರಿಗೂ ರಿಯೊ. ನಾನು ಆಫೀಸ್ ಕೆಲಸಕ್ಕೆ ಹೋಗಿದ್ದು ಮಿನಾಸ್ ಜೆರೈಸ್ ರಾಜ್ಯದ ರಾಜಧಾನಿ ಬೆಲೊ ಹೊರಿಜಾಂಟೆಗೆ. ಅಲ್ಲಿ ಸಮುದ್ರ ಇಲ್ಲ. ಭಾನುವಾರ ರಜೆ ಸಿಕ್ಕಾಗ ಸುಮ್ನೆ ಸುತ್ತೋಣ ಅಂತ ಹೊರಟೆ. ಬೆಳಿಗ್ಗೆ ಮಾರ್ಕೆಟ್, ಬಿಸಿಲೇರಿದ ಮೇಲೆ ಪಾರ್ಕ್. ಇದನ್ನು ತಿರುಗಾಮುರುಗಾ ಮಾಡುವ ಹಾಗಿಲ್ಲ, ಯಾಕೆಂದರೆ ಭಾನುವಾರ ಮಾರ್ಕೆಟ್ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತದೆ.

ಆ ಮಾರ್ಕೆಟ್‌ನ ಹೆಸರು ಮೆರ್ಕಾದೊ ಸೆಂತ್ರಾವ್. ಶುರುವಾಗಿದ್ದು 1929ರಲ್ಲಿ. 1964ರಲ್ಲಿ ನಗರಾಡಳಿತ ಅದನ್ನು ಮಾರಲು ಹೊರಟಾಗ ವ್ಯಾಪಾರಿಗಳೇ ಒಟ್ಟಾಗಿ ಕೊಂಡು, ಮೇಲೆ ಸೂರು ಹಾಕಿಸಿದರು. ಈಗ 400ಕ್ಕೂ ಹೆಚ್ಚು ಅಂಗಡಿಗಳಿವೆ. ಓಣಿಗಳೆಲ್ಲ ಒಂದೇ ಥರ ಕಾಣುತ್ತವೆ. ಮೊಬೈಲ್ ಜೇಬಿಗಿಟ್ಟು ಮೂಗು ಎಳೆದ ಕಡೆ ನಡೆದೆ.

ಮೂಗು ಎಳೆದದ್ದು ಚೀಸ್ ಅಂಗಡಿಗಳಿಗೆ. ಕನಾಸ್ತ್ರಾ ಬೆಟ್ಟದ ಕಡೆಯ ಚೀಸನ್ನು ಹಸಿ ಹಾಲಿನಿಂದಲೇ ಮಾಡುತ್ತಾರೆ. ಇವತ್ತಿನ ಚೀಸ್‌ನಿಂದ ತೊಟ್ಟಿಕ್ಕಿದ ನೀರನ್ನು ಎತ್ತಿಟ್ಟು ನಾಳೆಯ ಹಾಲಿಗೆ ಸೇರಿಸುತ್ತಾರೆ. ನಮ್ಮ ಮನೆಯ ಹೆಪ್ಪಿನ ಹಾಗೇ, ಅಲ್ವಾ? (ಜೊತೆಗೆ ಹಾಲು ಗಟ್ಟಿಯಾಗಲು ರೆನೆಟ್ ಕೂಡ ಹಾಕುತ್ತಾರೆ, ಅದನ್ನು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆಯುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇದು ಗೊತ್ತಿರಲಿ.) ಮಿನಾಸ್‌ನ ಈ ಚೀಸ್ ಮಾಡುವ ವಿಧಾನ 2024ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅಂಗಡಿಯವರು ಚೂರು ಕೊಯ್ದು ರುಚಿ ನೋಡಲು ಕೊಟ್ಟರು. ಹೊಸದು ಮೆತ್ತಗೆ, ಸ್ವಲ್ಪ ಹುಳಿ. ಹಳೆಯದು ಗಟ್ಟಿ, ಖಾರವಾಗಿ ನಾಲಿಗೆಗೆ ಹತ್ತುತ್ತದೆ. ನನಗೆ ಹಳೆಯದೇ ಇಷ್ಟವಾಯಿತು. ಪೆಟ್ಟಿಗೆಯಲ್ಲಿ ಊರಿಗೆ ತರುವುದಕ್ಕೂ ಅದೇ ಸಲೀಸು. ಅದರ ಮೇಲೆ ಸೀಬೆಹಣ್ಣಿನ ಗಟ್ಟಿ ಸಿಹಿ, ಗೊಯಾಬಾದಾ, ಇಟ್ಟುಕೊಂಡು ತಿನ್ನುವುದು ಅಲ್ಲಿನ ರೂಢಿ.

ಇನ್ನು ಮಾರ್ಕೆಟ್ ಒಳಗಿನ ಬಾರ್‌ಗಳು. ಬೆಳಿಗ್ಗೆಯೇ ಜನ ಕಟ್ಟೆಗೆ ಆತುಕೊಂಡು, ನಿಂತೇ ಬಿಯರ್ ಕುಡಿಯುತ್ತಿರುತ್ತಾರೆ. ಜೊತೆಗೆ ಕಾವಲಿಯ ಮೇಲೆ ಈರುಳ್ಳಿ ಹಾಕಿ ಹುರಿದ ದನದ ಲಿವರ್ ಮತ್ತು ಜಿಲೋ. ಜಿಲೋ ಬದನೆಯ ಜಾತಿಯ ಪುಟ್ಟ ಹಸಿರು ಕಾಯಿ, ಕಹಿ ಜಾಸ್ತಿ. ನಾನು ಲಿವರ್ ಬೇಡ, ಜಿಲೋ ಮಾತ್ರ ಅಂದೆ. ಪಕ್ಕದವರು ನಕ್ಕರು, ಆದರೆ ಬಾರ್‌ನವರು ಮಾಡಿಕೊಟ್ಟರು. ಹಾಗಲಕಾಯಿ ತಿಂದು ಬೆಳೆದವರಿಗೆ ಅದೇನು ಮಹಾ ಕಹಿಯಲ್ಲ. ಮಾಂಸ ತಿನ್ನದವರು 'ಸೆಂ ಕಾರ್ನಿ' (ಮಾಂಸ ಬೇಡ) ಅಂತ ಹೇಳಿ ಸುಮ್ಮನಾಗಬೇಡಿ. ಅಲ್ಲಿ ಎಷ್ಟೋ ಜನರ ಲೆಕ್ಕದಲ್ಲಿ ಕೋಳಿ, ಹ್ಯಾಮ್ 'ಕಾರ್ನಿ'ಯಲ್ಲಿ ಸೇರುವುದಿಲ್ಲ. ಒಂದೊಂದರ ಹೆಸರು ಹಿಡಿದು ಬೇಡ ಅನ್ನಬೇಕು.

ಹಣ್ಣಿನ ಸಾಲಂತೂ ಮಜವಾಗಿತ್ತು. ಮಾವು, ಹಲಸನ್ನು ಪೋರ್ಚುಗೀಸರು ನಮ್ಮ ಕಡೆಯಿಂದ ಅಲ್ಲಿಗೆ ಒಯ್ದರು, ಗೇರನ್ನು ಅಲ್ಲಿಂದ ಇಲ್ಲಿಗೆ ತಂದರು. ಕರಾವಳಿಯ ತೋಟಗಳಲ್ಲಿ ನಾವು ಬೀಜ ಕಿತ್ತುಕೊಂಡು ಹಣ್ಣನ್ನು ಹೆಚ್ಚಾಗಿ ಅಲ್ಲೇ ಬಿಡುತ್ತೇವೆ. ಬ್ರೆಜಿಲ್‌ನವರಿಗೆ ಆ ಹಣ್ಣಿನ ರಸವೇ ಮುಖ್ಯ.

ಅಲ್ಲಿಂದ ಪಾರ್ಕ್‌ಗೆ ನಡೆದೇ ಹೋಗಬಹುದು. ಭಾನುವಾರ ಬೆಳಿಗ್ಗೆ ಪಾರ್ಕ್ ಎದುರಿನ ಅಫೊನ್ಸೊ ಪೆನಾ ರಸ್ತೆಯಲ್ಲಿ ಕರಕುಶಲ ಸಂತೆಯೂ ಇರುತ್ತದೆ. ಗದ್ದಲ ಜಾಸ್ತಿ ಅನ್ನಿಸಿ ಬೇಗ ದಾಟಿದೆ.

ಪಾರ್ಕೆ ಮುನಿಸಿಪಾವ್‌ಗೆ ಆ ನಗರಕ್ಕಿಂತ ಎರಡೂವರೆ ತಿಂಗಳು ಹೆಚ್ಚು ವಯಸ್ಸು. ಪಾರ್ಕ್ ತೆರೆದದ್ದು 1897ರ ಸೆಪ್ಟೆಂಬರ್‌ನಲ್ಲಿ, ಹೊಸ ರಾಜಧಾನಿಯ ಉದ್ಘಾಟನೆ ಆದದ್ದು ಡಿಸೆಂಬರ್‌ನಲ್ಲಿ. ಮೊದಲು ಇನ್ನೂ ದೊಡ್ಡದಿತ್ತಂತೆ, ಈಗ ಸುಮಾರು 18 ಹೆಕ್ಟೇರ್ ಉಳಿದಿದೆ. ಕೆರೆಯಲ್ಲಿ ಹುಟ್ಟು ಹಾಕುವ ದೋಣಿಗಳು, ಮಕ್ಕಳ ಆಟದ ಯಂತ್ರಗಳು, ಎಲ್ಲೆಲ್ಲೂ ಬೆಕ್ಕುಗಳು. ನಾನು ಮಾರ್ಕೆಟ್‌ನಲ್ಲಿ ಕಟ್ಟಿಸಿಕೊಂಡಿದ್ದ ಪಾಂವ್ ಜಿ ಕೇಜು ಬಿಚ್ಚಿದೆ. ಅದು ಮರಗೆಣಸಿನ ಹಿಟ್ಟು, ಚೀಸ್, ಮೊಟ್ಟೆ ಸೇರಿಸಿ ಬೇಯಿಸಿದ ಉಂಡೆ. ಬಿಸಿ ಇದ್ದಾಗಲೇ ತಿಂದುಬಿಡಿ, ಆರಿದರೆ ರಬ್ಬರ್. ಸೋಮವಾರ ಪಾರ್ಕ್‌ಗೆ ರಜೆ, ಆ ದಿನ ಮಾರ್ಕೆಟ್ ಒಂದನ್ನೇ ನೋಡಿಕೊಳ್ಳಿ.