ಎರೆ ನೆಲದಲ್ಲಿ ಮನೆ ನಿಲ್ಲಿಸುವುದು: ಸಿಂಧನೂರು ಬಡಾವಣೆಯೊಂದರ ಬುನಾದಿ ಕೆಲಸದ ನನ್ನ ಅನುಭವ

ಸಿಂಧನೂರಿನ ಸುತ್ತಮುತ್ತ ಮನೆ ಕಟ್ಟಿಸಲು ಹೊರಟವರು ಎಂಜಿನಿಯರಾದ ನನ್ನ ಕಚೇರಿಗೆ ಬಂದು ಸಾಮಾನ್ಯವಾಗಿ ಮೊದಲು ಕೇಳುವುದು, "ಎಷ್ಟು ಟನ್ ಕಬ್ಬಿಣ ಬೇಕಾಗುತ್ತದೆ ಸರ್?" ಎಂದು. ನಾನು ಅವರನ್ನು ಕೇಳುವುದು, "ಆ ಜಾಗದಲ್ಲಿ ಹಿಂದೆ ಏನು ಬೆಳೆಯುತ್ತಿದ್ದರು?" ಎಂದು. ಬಿಳಿಜೋಳ, ಕಡಲೆ ಎಂದರೆ ಮಳೆ ನೀರನ್ನು ಮಾತ್ರ ಕಂಡ ನೆಲ. ಭತ್ತ ಎಂದರೆ ತಿಂಗಳುಗಟ್ಟಲೆ ನೀರು ನಿಂತ ನೆಲ. ಎರಡರ ಬುನಾದಿಯ ಲೆಕ್ಕವೂ ಒಂದೇ ಅಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಎರೆ ಹೊಲಗಳು, ಅಂದರೆ ಕಪ್ಪು ಜೇಡಿ ಮಣ್ಣಿನ ಹೊಲಗಳು, ಗದ್ದೆಗಳಾದವು. ಈಗ ಊರು ಬೆಳೆದು ಅದೇ ಗದ್ದೆಗಳು ನಿವೇಶನಗಳಾಗುತ್ತಿವೆ. ನಮ್ಮ ಹಿರಿಯರು ಊರು ಕಟ್ಟುವಾಗ ಆದಷ್ಟು ದಿಬ್ಬವನ್ನೋ ಕೆಂಪು ಮಸಾರಿ ನೆಲವನ್ನೋ ಹಿಡಿದು ಕಟ್ಟಿ, ಎರೆಯನ್ನು ಬೆಳೆಗೆ ಬಿಟ್ಟಿದ್ದರು. ನಾವು ಎರೆಯ ಮೇಲೆಯೇ ಕಟ್ಟುತ್ತಿದ್ದೇವೆ. ಹಾಗೆ ಕಟ್ಟಲು ಸಾಧ್ಯವಿದೆ, ಚೆನ್ನಾಗಿಯೇ ಕಟ್ಟಬಹುದು. ಆದರೆ ದುಡ್ಡು ಎಲ್ಲಿ ಹಾಕಬೇಕು ಎಂಬುದು ಗೊತ್ತಿರಬೇಕು.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿರುತ್ತದೆ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟಾಗ ಬಿರುಕಿನೊಳಗೆ ತೋಳು ಇಳಿಯುವುದನ್ನು ಈ ಭಾಗದ ರೈತರೆಲ್ಲ ಕಂಡಿದ್ದಾರೆ. ಬಹಳ ಜನ ತಿಳಿದಿರುವಂತೆ ಮನೆಯ ಭಾರ ತಾಳಲಾರದೆ ಈ ನೆಲ ಕುಸಿಯುವುದೊಂದೇ ತೊಂದರೆಯಲ್ಲ. ಒಂದೇ ಅಂತಸ್ತಿನ ಮನೆಯ ಗೋಡೆ ಮೀಟರ್ ಉದ್ದಕ್ಕೆ ಸುಮಾರು 3ರಿಂದ 4 ಟನ್ ಭಾರ ಇಳಿಸುತ್ತದೆ. ಮುಕ್ಕಾಲು ಮೀಟರ್ ಅಗಲದ ಪಾಯದ ಮೇಲೆ ಅದು ಚದರ ಮೀಟರಿಗೆ 4ರಿಂದ 5 ಟನ್ ಆಯಿತು. ಚೆನ್ನಾಗಿ ಉಬ್ಬುವ ಎರೆ ಮಣ್ಣು ಚದರ ಮೀಟರಿಗೆ 10 ಟನ್ನಿಗೂ ಮೀರಿದ ಒತ್ತಡದಿಂದ ಮೇಲಕ್ಕೆ ತಳ್ಳುವುದು ಸಾಮಾನ್ಯ. ಅಂದರೆ ಮನೆಯೇ ಹಗುರ, ಮಣ್ಣಿನ ಬಲವೇ ಹೆಚ್ಚು. ಐದಂತಸ್ತಿನ ಕಟ್ಟಡಕ್ಕಿಂತ ಬಡವರ ಎರಡು ಕೋಣೆಯ ಮನೆಗೆ ಈ ನೆಲ ಹೆಚ್ಚು ಅಪಾಯಕಾರಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಸಿಂಧನೂರಿನ ಒಂದು ಹೊಸ ಬಡಾವಣೆಯ ಬುನಾದಿ ಕೆಲಸ ಒಪ್ಪಿಕೊಂಡಾಗ ನಾನು ಮೊದಲು ಮಾಡಿದ್ದು, ಪಕ್ಕದ ಹಳೆಯ ಬಡಾವಣೆಯಲ್ಲಿ ಸುತ್ತಾಡಿ ಗೋಡೆಗಳ ಬಿರುಕುಗಳನ್ನು ನೋಡಿದ್ದು. ಅಲ್ಲಿ ಒಂದು ಮನೆಯ ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಬಿರುಕು ಹೋಗಿತ್ತು. ಕಿಟಕಿಯ ಬಳಿ ಕೂದಲೆಳೆಯಷ್ಟು, ಮೇಲೆ ಬೆರಳು ತೂರುವಷ್ಟು ಅಗಲ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಮನೆಯ ನಡುಭಾಗ ಎದ್ದು ಅಂಚುಗಳು ತಗ್ಗಿವೆ ಎಂದರ್ಥ. ಮನೆ ಕಟ್ಟಿದ ಮೇಲೆ ನಡುವಿನ ನೆಲಕ್ಕೆ ಬಿಸಿಲು ಬೀಳುವುದಿಲ್ಲ, ತೇವ ಆರುವುದಿಲ್ಲ, ಅಲ್ಲಿ ಮಣ್ಣು ನಿಧಾನವಾಗಿ ಉಬ್ಬುತ್ತದೆ. ಅಂಚು ಮಾತ್ರ ಬೇಸಿಗೆ ಬಂದಂತೆಲ್ಲ ಒಣಗಿ ಕುಗ್ಗುತ್ತದೆ. ಆ ಮನೆಯ ಯಜಮಾನಿ, "ಮಳೆಗಾಲದಲ್ಲಿ ಈ ಬಾಗಿಲು ಹಾಕಲು ಬರುವುದಿಲ್ಲ ನೋಡಿ, ಬೇಸಿಗೆಯಲ್ಲಿ ತಾನಾಗಿಯೇ ಸರಿಯಾಗುತ್ತದೆ" ಎಂದರು. ಮಣ್ಣು ಪರೀಕ್ಷೆಯ ವರದಿ ಕೈಗೆ ಬರುವ ಮೊದಲೇ ನನಗೆ ಬೇಕಾದ ಅರ್ಧ ಉತ್ತರ ಅಲ್ಲಿ ಸಿಕ್ಕಿತು.

ನಮ್ಮ ಜಾಗದಲ್ಲಿ ಗುಂಡಿ ತೋಡಿಸಿದಾಗ ಇನ್ನೊಂದು ತೊಡಕು ಕಂಡಿತು. ಬಹುಪಾಲು ಜಾಗದಲ್ಲಿ ಆಳದವರೆಗೆ ಎರೆಯೇ ಇತ್ತು. ಕಲ್ಲುಗುಡ್ಡದ ಕಡೆಯ ಒಂದು ಮೂಲೆಯಲ್ಲಿ ಮಾತ್ರ ಮೊಣಕಾಲಿನಷ್ಟು ಅಗೆದರೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು ಬರುತ್ತಿತ್ತು. ಎರಡೂ ಕಡೆಯ ಮಣ್ಣನ್ನು ಪರೀಕ್ಷೆ ಮಾಡಿಸಿದೆವು. ಉಬ್ಬುವ ಪ್ರಮಾಣ ತಿಳಿಯುವ ಪರೀಕ್ಷೆ ಬಹಳ ಸರಳ, ಮನೆ ಕಟ್ಟಿಸುವವರು ನಿಂತು ನೋಡಬೇಕಾದದ್ದು. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂನಂತೆ ಎರಡು ಅಳತೆ ಸಿಲಿಂಡರ್‌ಗಳಿಗೆ ಹಾಕಿ, ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಬಟ್ಟಿ ಇಳಿಸಿದ ನೀರು ಹಾಕಿ 24 ಗಂಟೆ ಇಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿಲಿಲೀಟರ್ ಗೆರೆಗೆ ನಿಂತ ಮಣ್ಣು ನೀರಿನಲ್ಲಿ 20ಕ್ಕೆ ಏರಿದರೆ ಉಬ್ಬುವ ಪ್ರಮಾಣ ಶೇ 100. ಶೇ 50 ದಾಟಿದರೆ ಎಚ್ಚರ ವಹಿಸಬೇಕು, 100 ದಾಟಿದರೆ ಸಾದಾ ಪಾಯದ ಮಾತನ್ನೇ ಎತ್ತಬಾರದು. ಬಡಾವಣೆಯ ಮಾಲೀಕರನ್ನು ಪ್ರಯೋಗಾಲಯಕ್ಕೆ ಕರೆದೊಯ್ದು ಎರಡೂ ಸಿಲಿಂಡರ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ. ಆಮೇಲೆ ಅವರೊಡನೆ ಹೆಚ್ಚು ವಾದ ಮಾಡಬೇಕಾಗಲಿಲ್ಲ.

ಗರಸೂ ಎರೆಯೂ ಸೇರುವ ಗೆರೆಯ ಮೇಲೆ ಮನೆ ಬಂದರೆ ಅದರ ಅರ್ಧ ಅಲ್ಲಾಡದೆ ನಿಲ್ಲುತ್ತದೆ, ಉಳಿದರ್ಧ ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಇದನ್ನು ಕಬ್ಬಿಣದಿಂದ ಸರಿಪಡಿಸಬಹುದು, ಆದರೆ ಖರ್ಚು ವಿಪರೀತ. ನಕ್ಷೆ ಇನ್ನೂ ಮಂಜೂರಾತಿಗೆ ಹೋಗಿರಲಿಲ್ಲ. ಹಾಗಾಗಿ ಗುಂಡಿಗಳ ಆಧಾರದ ಮೇಲೆ ಆ ಗೆರೆಯನ್ನು ನಕ್ಷೆಯಲ್ಲಿ ಎಳೆದು, ಉದ್ಯಾನಕ್ಕೆ ಬಿಡಬೇಕಾದ ಜಾಗವನ್ನೂ ಒಂದು ರಸ್ತೆಯನ್ನೂ ಅದರ ಮೇಲೆ ಬರುವಂತೆ ಸರಿಸಿದೆವು. ಇಡೀ ಕೆಲಸದಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟ ನಿರ್ಧಾರ ಇದು. ಒಂದು ಕಿಲೋ ಸಿಮೆಂಟ್ ಕೂಡ ಖರ್ಚಾಗಲಿಲ್ಲ. ಮಂಜೂರಾತಿ ಮುಗಿದ ಮೇಲೆ ಎಂಜಿನಿಯರನ್ನು ಕರೆಯುವ ನಮ್ಮ ರೂಢಿ ಬದಲಾಗಬೇಕು ಎಂದು ನಾನು ಒತ್ತಿ ಹೇಳುವುದು ಇಂಥ ಕಾರಣಕ್ಕೆ.

ಗರಸಿನ ಮೂಲೆಯ ಮನೆಗಳಿಗೆ ಮಾಮೂಲಿ ಕಲ್ಲಿನ ಪಾಯ ಸಾಕಾಯಿತು. ಎರೆಯ ಮನೆಗಳಿಗೆ ಪೈಲ್, ಅಂದರೆ ನೆಲ ಕೊರೆದು ಕಾಂಕ್ರೀಟ್ ತುಂಬಿ ಮಾಡುವ ಕಂಬ ಆರಿಸಿಕೊಂಡೆ; ತಳದಲ್ಲಿ ಗಡ್ಡೆಯಂತೆ ಉಬ್ಬಿದ ಇಂಥದ್ದಕ್ಕೆ ಅಂಡರ್‌ರೀಮ್ಡ್ ಪೈಲ್ ಎನ್ನುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ದೇಶದ ಎರೆ ನೆಲಕ್ಕೆಂದೇ ಬೆಳೆಸಿದ ವಿಧಾನ ಇದು. ಭಾರತೀಯ ಮಾನಕ 2911ರ ಮೂರನೆಯ ಭಾಗ ಇದಕ್ಕೇ ಮೀಸಲಾಗಿದೆ. ಋತು ಬದಲಾದಂತೆ ತೇವ ಏರಿಳಿಯುವ ಪದರ ಸುಮಾರು ಮೂರೂವರೆ ಮೀಟರ್ ಆಳದವರೆಗೆ ಇರುತ್ತದೆ. ಅಲ್ಲಿಗೆ ಇಳಿದು ಅಲುಗಾಡದ ಮಣ್ಣನ್ನು ಹಿಡಿದು ಕೂರುವುದೇ ಗಡ್ಡೆಯ ಕೆಲಸ. ನಮ್ಮ ಪೈಲ್‌ನ ಕಾಂಡ 300 ಮಿಲಿಮೀಟರ್, ಗಡ್ಡೆ ಅದರ ಎರಡೂವರೆ ಪಟ್ಟು, ಅಂದರೆ 750 ಮಿಲಿಮೀಟರ್. ಗೋಡೆಯುದ್ದಕ್ಕೂ ಸುಮಾರು 2 ಮೀಟರಿಗೊಂದು.

ಗೌಂಡಿ ಕಾಕಾ ಹಳೆಯ ಕೈ, ನಾನು ಈ ಕೆಲಸಕ್ಕೆ ಬರುವ ಮೊದಲಿನಿಂದ ಗೋಡೆ ಕಟ್ಟಿದವರು. "ಸಾಹೇಬರೇ, ಐದಡಿ ಅಗೆದು ಉಸುಕು ತುಂಬಿ ಪಾಯ ಹಾಕಿದರೆ ಸಾಲದೇ? ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ" ಎಂದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ, ಉಸುಕು ಉಬ್ಬುವುದಿಲ್ಲ ಎಂಬುದು ನಿಜ. "ಕಾಕಾ, ಉಸುಕಿನೊಳಗೆ ನೀರು ಸಲೀಸಾಗಿ ಇಳಿಯುತ್ತದೆ. ಸುತ್ತ ಎರೆ ಇರುವುದರಿಂದ ಆ ನೀರು ಹೊರಗೆ ಹೋಗದೆ ಪಾಯದ ಕೆಳಗೇ ನಿಲ್ಲುತ್ತದೆ. ಆಗ ಕೆಳಗಿನ ಎರೆಗೆ ನಾವೇ ನೀರು ಕುಡಿಸಿದಂತೆ" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಹಿಂದೆ ತಾವು ಹಾಗೆ ಕಟ್ಟಿದ ಒಂದು ಮನೆಯ ಹಿಂಗೋಡೆ ಸೀಳಿದ್ದನ್ನು ತಾವಾಗಿಯೇ ಹೇಳಿದರು.

ಕೊರೆಯುವ ಕೆಲಸವನ್ನು ಕಾಲುವೆ ನೀರು ನಿಂತ ಮೇಲೆ, ಬೇಸಿಗೆಗೆ ಇಟ್ಟುಕೊಂಡೆವು. ಕಾಲುವೆ ಹರಿಯುವಾಗ ಉಪ್ಪೇರಿ ನೀರು ಹಿಡಿದ ಸವಳು-ಜವಳು ನೆಲದಲ್ಲಿ ನೀರು ಮೇಲೆಯೇ ಇರುತ್ತದೆ, ಕೊರೆದ ರಂಧ್ರದ ಗೋಡೆ ಕುಸಿಯುತ್ತದೆ. ಕಟ್ಟಿಗೆಯ ಮುಕ್ಕಾಲಿಯಡಿ ಕೈಯಿಂದ ತಿರುಗಿಸುವ ಆಗರ್ ಇಳಿಸಿ ಕಾಂಡವನ್ನು ಕೊರೆದು, ನಂತರ ಅಂಡರ್‌ರೀಮರ್ ಇಳಿಸುತ್ತಿದ್ದರು. ಅದರಲ್ಲಿ ಮಡಚಿದ ಎರಡು ಅಲಗುಗಳಿರುತ್ತವೆ, ಕೆಳಗೆ ಮಣ್ಣು ಹಿಡಿಯುವ ಬಕೆಟ್ ಇರುತ್ತದೆ. ಹಿಡಿಯನ್ನು ಒತ್ತಿ ತಿರುಗಿಸಿದಂತೆ ಅಲಗುಗಳು ಬಿಚ್ಚಿಕೊಂಡು ಸುತ್ತಲಿನ ಮಣ್ಣನ್ನು ಕೆರೆಯುತ್ತವೆ. ಬಕೆಟ್ ತುಂಬಿದಾಗ ಮೇಲೆತ್ತಿ ಖಾಲಿ ಮಾಡಿ ಮತ್ತೆ ಇಳಿಸಬೇಕು. ಗಡ್ಡೆ ಪೂರ್ತಿ ಆಯಿತೇ ಎಂದು ಮೇಲೆ ನಿಂತವರಿಗೆ ಕಾಣುವುದಿಲ್ಲ. ಅಲಗು ಪೂರ್ತಿ ಬಿಚ್ಚಿದಾಗ ಹಿಡಿ ಎಷ್ಟು ಕೆಳಗಿಳಿಯಬೇಕು ಎಂಬುದನ್ನು ಮೊದಲೇ ನೆಲದ ಮೇಲೆ ಅಳೆದು ಕೋಲಿಗೆ ಸುಣ್ಣದ ಗುರುತು ಹಾಕಿಸಿದ್ದೆ. ಗುರುತು ಮುಟ್ಟುವವರೆಗೆ ಕಾಂಕ್ರೀಟ್ ಸುರಿಯಲು ನಾನು ಒಪ್ಪಲಿಲ್ಲ. ಕೊರೆದ ರಂಧ್ರಕ್ಕೆ ಅದೇ ದಿನ ಕಾಂಕ್ರೀಟ್ ಬೀಳಲೇಬೇಕು ಎಂಬುದೂ ನಮ್ಮ ನಿಯಮವಾಗಿತ್ತು.

ಸಲಾಕೆಯ ವಿಷಯದಲ್ಲಿ ಗುತ್ತಿಗೆದಾರರೊಡನೆ ದೊಡ್ಡ ಜಟಾಪಟಿಯೇ ನಡೆಯಿತು. ಪೈಲ್ ಭಾರ ಹೊರುವ ಕಂಬವಷ್ಟೇ, ಮೇಲಿನ ಅರ್ಧಕ್ಕೆ ಕಬ್ಬಿಣ ಹಾಕಿದರೆ ಸಾಕು ಎಂದು ಅವರ ವಾದ. ಇಲ್ಲಿ ಪೈಲ್ ಮಾಡುವ ಮುಖ್ಯ ಕೆಲಸ ಬೇರೆ. ಮಳೆಗಾಲದಲ್ಲಿ ಮೇಲಿನ ಮಣ್ಣು ಉಬ್ಬುವಾಗ ಕಾಂಡವನ್ನು ಹಿಡಿದು ಮೇಲಕ್ಕೆಳೆಯುತ್ತದೆ, ಕೆಳಗೆ ಗಡ್ಡೆ ಬಿಡುವುದಿಲ್ಲ. ನಡುವೆ ಕಾಂಡ ಜಗ್ಗಾಟಕ್ಕೆ ಸಿಗುತ್ತದೆ. ಕಾಂಕ್ರೀಟಿಗೆ ಜಗ್ಗು ತಡೆಯುವ ಶಕ್ತಿ ಬಹಳ ಕಡಿಮೆ, ಅದನ್ನು ತಡೆಯುವುದು ಸಲಾಕೆಯೇ. ಆದ್ದರಿಂದ ಸಲಾಕೆ ತುದಿಯಿಂದ ತುದಿಯವರೆಗೆ ಹೋಗಲೇಬೇಕು. ಭತ್ತದ ನೆಲವಾದ್ದರಿಂದ ಮಣ್ಣು ಮತ್ತು ಅಂತರ್ಜಲದಲ್ಲಿ ಸಲ್ಫೇಟ್, ಕ್ಲೋರೈಡ್ ಎಷ್ಟಿದೆ ಎಂದೂ ಪರೀಕ್ಷೆ ಮಾಡಿಸಿ, ಬುನಾದಿಗೆ ಈ ಲವಣಗಳನ್ನು ಚೆನ್ನಾಗಿ ತಾಳುವ ಸ್ಲ್ಯಾಗ್ ಸಿಮೆಂಟ್, ಅಂದರೆ ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ ಬೆರೆಸಿದ ಸಿಮೆಂಟ್ ಬಳಸಿದೆವು. ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲು ಹತ್ತಿರವೇ ಇರುವುದರಿಂದ ಅದು ನಮ್ಮ ಭಾಗದಲ್ಲಿ ಸುಲಭವಾಗಿ ಸಿಗುತ್ತದೆ.

ಪೈಲ್‌ಗಳ ತಲೆಯನ್ನು ಜೋಡಿಸುವ ಪ್ಲಿಂತ್ ಬೀಮ್ ನೆಲವನ್ನು ಮುಟ್ಟಬಾರದು. ಮಾನಕದ ಪ್ರಕಾರ ಕನಿಷ್ಠ 80 ಮಿಲಿಮೀಟರ್ ತೆರವು ಬೇಕು, ಕೆಳಗಿನ ಮಣ್ಣು ಉಬ್ಬಿದರೂ ಬೀಮಿಗೆ ತಾಗದಂತೆ. ಪೈಲ್ ಹಾಕಿಯೂ ಸೀಳಿದ ಮನೆಗಳನ್ನು ನೋಡಿದ್ದೇನೆ, ಬಹಳ ಕಡೆ ಕಾರಣ ಈ ತೆರವು ಇಲ್ಲದಿರುವುದೇ. ಮಣ್ಣನ್ನೇ ತಳಹಲಗೆ ಮಾಡಿಕೊಂಡು ಬೀಮ್ ಹಾಕಿದರೆ ಪೈಲ್‌ಗೆ ಸುರಿದ ದುಡ್ಡೆಲ್ಲ ವ್ಯರ್ಥ. ನಾವು ಉಸುಕು ಹರಡಿ ಅದರ ಮೇಲೆ ಬೀಮ್ ಹಾಕಿ, ಗಟ್ಟಿಯಾದ ಮೇಲೆ ಉಸುಕನ್ನು ಕೆದಕಿ ತೆಗೆಸಿದೆವು. ನಾನೇ ಬೀಮಿನ ಬದಿಯಲ್ಲಿ ಬಗ್ಗಿ ಕೆಳಗೆ ಒಂದು ಸಲಾಕೆ ತೂರಿಸಿ, ಆ ಕಡೆಯಿಂದ ಹೊರಬರುವುದನ್ನು ನೋಡಿದ ಮೇಲೆಯೇ ಸಹಿ ಹಾಕುತ್ತಿದ್ದೆ. ಆಮೇಲೆ ಮಣ್ಣು ಜಾರಿ ತೆರವು ಮುಚ್ಚದಂತೆ ಹೊರಬದಿಗೆ ಶಹಾಬಾದ್ ಫರ್ಸಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿದೆವು.

ಒಳಗಿನ ನೆಲಹಾಸು ಪೈಲ್ ಮೇಲೆ ಕೂರುವುದಿಲ್ಲ, ಮಣ್ಣಿನ ಮೇಲೆಯೇ ಕೂರುತ್ತದೆ. ಅದಕ್ಕೆ ಕೋಣೆಯೊಳಗಿನ ಎರೆಯನ್ನು ಸುಮಾರು ಒಂದು ಮೀಟರ್ ತೆಗೆಸಿ, ಜಿಗುಟಿದ್ದೂ ಉಬ್ಬದ ಗರಸು ಮಣ್ಣನ್ನು ಪದರ ಪದರವಾಗಿ ನೀರು ಚಿಮುಕಿಸಿ ದಮ್ಮಸ್ಸು ಮಾಡಿಸಿದೆವು. ಇಂಥ ಮಣ್ಣಿನ ಪದರ ಉಬ್ಬರವನ್ನು ತಡೆಯುತ್ತದೆ ಎಂಬುದನ್ನು ಐಐಟಿ ಬಾಂಬೆಯಲ್ಲಿದ್ದ ಪ್ರೊ. ಆರ್.ಕೆ. ಕಟ್ಟಿಯವರ ಸಂಶೋಧನೆ ತೋರಿಸಿಕೊಟ್ಟಿದೆ. ಗೋಡೆಗೆ ಹಾರುಬೂದಿ ಇಟ್ಟಿಗೆ, ಲಿಂಟಲ್ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ. ಅದರಲ್ಲಿ ವಿಶೇಷವೇನಿಲ್ಲ.

ನೀರಿನ ವ್ಯವಸ್ಥೆಗೆ ಮಾತ್ರ ನಾನು ಬುನಾದಿಗೆ ಕೊಟ್ಟಷ್ಟೇ ಗಮನ ಕೊಟ್ಟೆ. ರಸ್ತೆಯ ಚರಂಡಿಗಳು ಮನೆಗಳಿಗಿಂತ ಮೊದಲು ಮುಗಿಯಬೇಕು ಎಂದು ಹಟ ಹಿಡಿದೆ. ಮನೆಯ ಸುತ್ತ ಒಂದೂವರೆ ಮೀಟರ್ ಅಗಲದ ಹಾಸು ಹೊರಕ್ಕೆ ಇಳಿಜಾರಾಗಿ ಬಂತು. ನೆಲದೊಳಗಿನ ನೀರಿನ ತೊಟ್ಟಿಯನ್ನು (ಸಂಪ್) ಗೋಡೆಯಿಂದ ದೂರ ಇಡಿಸಿದೆ. ಪೈಪುಗಳು ಬೀಮ್ ದಾಟುವ ಕಡೆ ದೊಡ್ಡ ತೂತು ಬಿಟ್ಟು ಸುತ್ತ ಸಡಿಲ ಇಡಿಸಿದೆ. ನೆಲ ಅಲುಗಿದಾಗ ಪೈಪ್ ಒಡೆಯುತ್ತದೆ, ಒಡೆದ ಪೈಪಿನ ನೀರು ನೆಲವನ್ನು ಇನ್ನಷ್ಟು ಉಬ್ಬಿಸುತ್ತದೆ. ಬಚ್ಚಲ ಪೈಪಿನ ಸಣ್ಣ ಸೋರಿಕೆ ಒಂದು ಮಳೆಗಾಲ ಮಾಡದ ಹಾನಿಯನ್ನು ಮಾಡಬಲ್ಲದು, ಏಕೆಂದರೆ ಅದು ಒಂದೇ ಮೂಲೆಗೆ ನೀರು ಕುಡಿಸುತ್ತದೆ.

ಮನೆ ಹಸ್ತಾಂತರಿಸುವಾಗ ಪ್ರತಿ ಕುಟುಂಬಕ್ಕೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟೆವು. ಗೋಡೆಗೆ ಒತ್ತಿ ಕೈತೋಟ ಬೇಡ. ಬೇವು, ಹೊಂಗೆ ನೆಡಿ, ಆದರೆ ಮರ ಬೆಳೆದಾಗ ಎಷ್ಟು ಎತ್ತರವಾಗುವುದೋ ಅಷ್ಟು ದೂರದಲ್ಲಿ ನೆಡಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಬೇರು ಒಂದೇ ಬದಿಯ ತೇವವನ್ನು ಹೀರುತ್ತದೆ. ಸುತ್ತಲಿನ ಹಾಸನ್ನು ಒಡೆಯಬೇಡಿ. ಮೇಲಂತಸ್ತಿನ ಬಗ್ಗೆಯೂ ಅದರಲ್ಲೇ ಬರೆದಿದ್ದೇವೆ. ಇಂಥ ಒಂದು ಪೈಲ್‌ಗೆ ಮಾನಕದ ಕೋಷ್ಟಕ ಕೊಡುವ ಸುರಕ್ಷಿತ ಭಾರ 16 ಟನ್. ಒಂದಂತಸ್ತಿನ ಮನೆಯಲ್ಲಿ ಪೈಲ್‌ಗೆ 6ರಿಂದ 8 ಟನ್ ಬರುತ್ತದೆ. ಹಾಗಾಗಿ ಇನ್ನೊಂದು ಅಂತಸ್ತು ಏರಿಸಬಹುದು, ಮೂರನೆಯದಕ್ಕೆ ಅವಕಾಶವಿಲ್ಲ. ಆ ಹಾಳೆಯನ್ನು ಮನೆಯ ಪತ್ರಗಳ ಜೊತೆಗೇ ಇಟ್ಟುಕೊಳ್ಳಿ, ಮನೆ ಮಾರಿದರೆ ಕೊಂಡವರಿಗೆ ಕೊಡಿ ಎಂದು ಎಲ್ಲರಿಗೂ ಹೇಳಿದ್ದೇನೆ.