ಗಾಜಿನ ಕರೆಂಟ್ ಒಲಿ ತಗೊಳ್ಳೋ ಮೊದಲ ನಿಮ್ಮ ಭಾಂಡೆ, ನಿಮ್ಮ ವಾಯರ್ ನೋಡ್ರಿ

ಪುಣೆದಾಗ ನಮ್ಮ ಕಡಿ ಮಂದಿ ಯಾರರ ಹೊಸ ಫ್ಲ್ಯಾಟ್ ತಗೊಂಡ್ರ ನನಗೊಂದು ಫೋನ್ ಬಂದ ಬರ್ತದ, ಅಕ್ಕಾ, ಆ ಗಾಜಿನ ಒಲಿ ಹಾಕಿಸ್ಲೇನು ಬ್ಯಾಡೇನು ಅಂತ. ಯಾಕಂದ್ರ ನಾನು ಎರಡೂ ನಮೂನಿ ಗಾಜಿನ ಒಲಿ ಮ್ಯಾಲ ವರ್ಷಗಟ್ಟಲೆ ಅಡಗಿ ಮಾಡೀನಿ. ಮೊದಲ ನಾಕು ವರ್ಷ ಬಾಣೇರದಾಗ ಬಾಡಗಿ ಮನಿ, ಮಾಲಕರು ಹೊರದೇಶದಾಗ ಇದ್ದು ಬಂದವ್ರು, ಕಟ್ಟಿ ಕೊರದು ನಾಕು ಒಲಿದು ಗಾಜಿನ ಹಾಬ್ ಕೂಡ್ಸಿದ್ರು, ಗ್ಯಾಸಿನ ಪೈಪ್ ಹೆಸರಿಗೂ ಇರ್ಲಿಲ್ಲ. ಆಮ್ಯಾಲ ಚಿಂಚವಡದಾಗ ಸ್ವಂತ ಮನಿ ಆತು, ಇಲ್ಲಿ ಇಂಡಕ್ಷನ್ ಎರಡು, ಪಕ್ಕದಾಗ ಪೈಪ್ ಗ್ಯಾಸಿನ ಒಂದ ಬರ್ನರ್. ಮಾಡೋ ಅಡಗಿ ಮಾತ್ರ ಬಾಣೇರದಾಗೂ ಇಲ್ಲೂ ಅದ ವಿಜಯಪುರದ್ದು, ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಝುಣಕ, ಹಬ್ಬಕ್ಕ ಹೋಳಿಗಿ. ಅದಕ್ಕ ನಾನು ಹೇಳೋದೆಲ್ಲ ನಮ್ಮ ಅಡಗಿಯ ಲೆಕ್ಕದಾಗ.

ಮೊದಲ ಒಂದು ಗೊಂದಲ ಬಿಡಸ್ಕೊಳ್ರಿ. ಅಂಗಡ್ಯಾಗ ಕಪ್ಪು ಗಾಜಿನ ಒಲಿ ಎಲ್ಲಾ ಒಂದ ಥರ ಕಾಣ್ತಾವ, ಆದ್ರ ಒಳಗ ಎರಡು ಬ್ಯಾರೆ ಜಾತಿ. ಒಂದರಾಗ ಗಾಜಿನ ಕೆಳಗ ಪಟ್ಟಿ ಥರದ ಕಾಯಿಲ್ ಇರ್ತದ, ಹಚ್ಚಿದ್ರ ಕೆಂಪಗ ಕಾಯ್ತದ, ಆ ಶಾಖ ಗಾಜು ದಾಟಿ ಬೋಗೋಣಿಗೆ ಬರ್ತದ, ಇದಕ್ಕ ಸಿರಾಮಿಕ್ ಹಾಬ್ ಅಂತಾರ, ಇನ್‌ಫ್ರಾರೆಡ್ ಅಂತಾರ, ರೇಡಿಯಂಟ್ ಅಂತಾರ, ಬಾಣೇರದಾಗ ಇದ್ದದ್ದು ಇದ, ಮುಂದ ನಾನು ಇದಕ್ಕ ಕಾಯಿಲ್ ಒಲಿ ಅಂತೀನಿ. ಇನ್ನೊಂದು ಇಂಡಕ್ಷನ್, ಅದರ ಕೆಳಗ ತಾಮ್ರದ ತಂತಿ ಸುರುಳಿ ಇರ್ತದ, ಅದು ಅಯಸ್ಕಾಂತದ ಶಕ್ತಿಯಿಂದ ಬೋಗೋಣಿ ತಳವನ್ನ ಕಾಯಸ್ತದ, ಗಾಜು ತಾನಾಗಿ ಕಾಯೋದಿಲ್ಲ, ಮ್ಯಾಲಿನ ಬೋಗೋಣಿ ಬಿಸಿ ಅದಕ್ಕ ಹತ್ತತದ ಅಷ್ಟ. ಕೊಳ್ಳೋವಾಗ ಇದರಾಗ ಯಾವುದು ಅಂತ ಬಾಯಿ ಬಿಟ್ಟು ಕೇಳ್ರಿ, ಯಾಕಂದ್ರ ಮುಂದಿನ ಎಲ್ಲಾ ಲಾಭ ನಷ್ಟ ಇದರ ಮ್ಯಾಲನ ನಿಂತದ.

ಈಗ ಭಾಂಡೆ. ಫ್ರಿಜ್ಜಿಗೆ ಅಂಟಸ್ತೀವಲ್ಲ ಅಂಥಾ ಒಂದು ಮ್ಯಾಗ್ನೆಟ್ ತಗೊಂಡು ನಿಮ್ಮ ಮನ್ಯಾಗಿನ ಒಂದೊಂದು ಬೋಗೋಣಿ, ಕುಕ್ಕರ್, ಹಂಚು ತಳಕ್ಕ ಹಚ್ಚಿ ನೋಡ್ರಿ. ಗಟ್ಟಿ ಹಿಡದ್ರ ಇಂಡಕ್ಷನ್‌ಗೆ ಬರ್ತದ, ಜಾರಿ ಬಿದ್ರ ಬರೋದಿಲ್ಲ. ಅಲ್ಯುಮಿನಿಯಂ, ತಾಮ್ರ, ಹಿತ್ತಾಳಿ ಬರೋದಿಲ್ಲ, ಸ್ಟೀಲಿನಾಗೂ ಕೆಲವು ಬರ್ತಾವ ಕೆಲವು ಬರೋದಿಲ್ಲ. ಕಾಯಿಲ್ ಒಲಿಗೆ ಯಾವ ಲೋಹ ಆದ್ರೂ ನಡೀತದ, ಆದ್ರ ತಳ ಸಪಾಟ ಇರ್ಬೇಕು. ಸ್ಟೀಲಿನ ಪಟ್ಟಿ ತಗೊಂಡು ಬೋಗೋಣಿ ಬೋರಲ ಹಾಕಿ ತಳದ ಮ್ಯಾಲ ನಿಲ್ಲಸ್ರಿ, ಪಟ್ಟಿ ಕೆಳಗಿಂದ ಬೆಳಕು ಹಾಯ್ತು ಅಂದ್ರ ಅದು ಗಾಜಿನ ಮ್ಯಾಲ ಸರಿಯಾಗಿ ಕೂಡೋದಿಲ್ಲ, ಅಡಗಿ ಒಂದು ಕಡಿ ಸೀದು ಇನ್ನೊಂದು ಕಡಿ ಹಸಿ ಉಳೀತದ. ನಮ್ಮ ಗುಂಡ ತಳದ ಕಡಾಯಿ, ಹಳೇ ತೆಳ್ಳನ ಬೋಗೋಣಿ ಎಲ್ಲಾ ಇದರಾಗ ಫೇಲ್ ಆಗ್ತಾವ. ನಾನು ಪುಣೆದ ತುಳಶಿಬಾಗ ಪ್ಯಾಟಿಗೆ ಹೋದಾಗ ಈಗಲೂ ಪರ್ಸಿನಾಗ ಮ್ಯಾಗ್ನೆಟ್ ಇಟ್ಕೊಂಡ ಹೋಗ್ತೀನಿ, ಅಂಗಡಿಯವ್ರು ಇಂಡಕ್ಷನ್ ಬೇಸ್ ಅಂದ್ರೂ ಹಚ್ಚಿ ನೋಡೇ ತಗೋತೀನಿ. ಅರ್ಧ ಭಾಂಡೆ ಬದಲಸೋದು ಬಂತು ಅಂದ್ರ ಆ ಖರ್ಚೂ ಒಲಿ ಖರ್ಚಿನಾಗ ಕೂಡಸ್ರಿ.

ಕಾಯಿಲ್ ಒಲಿದು ಒಂದು ಸ್ವಭಾವ ಗೊತ್ತಾಗ್ಲಿಕ್ಕೆ ನನಗ ಒಂದು ತಿಂಗಳ ಹಿಡೀತು, ಅದು ನಿಧಾನ ಕಾಯ್ತದ, ನಿಧಾನ ಆರ್ತದ. ಗ್ಯಾಸಿನ ಮ್ಯಾಲ ಹಾಲು ಉಕ್ಕಿ ಬಂತು ಅಂದ್ರ ನಾಬ್ ತಿರುವಿದ ಕೂಡಲೇ ಕೆಳಗ ಇಳೀತದ, ಇಲ್ಲಿ ಬಂದ್ ಮಾಡಿದ್ರೂ ಕೆಳಗಿನ ಕೆಂಪು ಆರೋತನಕ ಉಕ್ಕತನ ಇರ್ತದ, ಬೋಗೋಣಿನ ಎತ್ತಿ ಪಕ್ಕಕ್ಕ ಇಡ್ಬೇಕು, ಅದಕ್ಕ ಹಾಲು ಕಾಯಿಸೋವಾಗ ಇಕ್ಕಳ ಕೈಯಾಗ ಇರ್ಲಿ, ಪಕ್ಕದ ಒಲಿ ಖಾಲಿ ಇರ್ಲಿ. ಆದ್ರ ಇದನ್ನ ಲಾಭಕ್ಕೂ ಬಳಸ್ಕೋಬಹುದು. ಅನ್ನಕ್ಕ ನೀರು ಇಂಗ್ತಾ ಬಂದಾಗ ಐದು ನಿಮಿಷ ಮೊದಲ ಬಂದ್ ಮಾಡ್ರಿ, ಉಳಿದ ಬಿಸಿಗೆ ಅರಳ್ತದ. ಕುಕ್ಕರ್ ಮೂರು ಸೀಟಿಗೆ ಇಳಸೋದಿದ್ರ ಎರಡಕ್ಕ ಬಂದ್ ಮಾಡ್ರಿ, ಮೂರನೇದು ತಾನ ಬರ್ತದ. ಇನ್ನೊಂದು, ನಡುವ ಕೆಂಪು ಆರಿ ಮತ್ತ ಹತ್ತತದ ಅಂತ ಭಾಳ ಮಂದಿ ಕೆಟ್ಟದ ಅಂತ ತಿಳೀತಾರ, ಅದು ಕೆಟ್ಟಿದ್ದಲ್ಲರಿ, ಗಾಜು ಮಿತಿ ಮೀರಿ ಕಾಯಬಾರದು ಅಂತ ಒಳಗಿನ ಥರ್ಮೋಸ್ಟ್ಯಾಟ್ ತಡೀತದ, ಉರಿ ಸಣ್ಣ ಇಟ್ಟಾಗಲೂ ಹಂಗ ಹತ್ತಿ ಆರಿ ಮಾಡ್ತದ. ಅದಕ್ಕ ಬಾಸುಂದಿ, ಹಾಲಿನ ಪಾಯಸ ಮಾಡೋವಾಗ ದಪ್ಪ ತಳದ ಬೋಗೋಣಿನ ಇಡ್ರಿ, ತೆಳ್ಳಂದು ಅಡಿ ಹಿಡೀತದ.

ಇಂಡಕ್ಷನ್ ಇದಕ್ಕ ಪೂರಾ ಉಲ್ಟಾ. ಚಾದ ನೀರು ನೋಡನೋಡ್ತಾ ಕುದೀತದ, ಬಂದ್ ಮಾಡಿದ್ರ ತಕ್ಷಣ ನಿಲ್ತದ, ಏಪ್ರಿಲ್ ಮೇ ಬಿಸಲಾಗ ಅಡಗಿಮನಿ ತಂಪಿರ್ತದ, ಫ್ಯಾನ್ ಹಚ್ಕೊಂಡು ನಿಂತು ಅಡಗಿ ಮಾಡಬಹುದು, ಇದೊಂದಕ್ಕ ನಾನು ಇಂಡಕ್ಷನ್ ಬಿಡೋದಿಲ್ಲ. ಕೊರತಿ ಅಂದ್ರ ಒಗ್ಗರಣಿ ಬಟ್ಟಲ. ಭಾಳ ಇಂಡಕ್ಷನ್ ಒಲಿಗೆ ತಳ ಸುಮಾರು 12 ಸೆಂಟಿಮೀಟರ್ ಅಗಲರ ಇರ್ಬೇಕು, ಅದಕ್ಕಿಂತ ಸಣ್ಣದಿದ್ರ ಬೋಗೋಣಿ ಇಟ್ಟಿಲ್ಲ ಅಂತ ತಿಳದು ಟೀಂಟೀಂ ಅಂತ ಒದರಿ ಬಂದ್ ಆಗ್ತದ. ಹಂಚು ಕಾಯಿಸೋವಾಗ ಪೂರಾ ಪವರ್ ಇಟ್ಟು ಆಚಿ ಹೋಗಬ್ಯಾಡ್ರಿ, ಎಣ್ಣಿ ಭಾಳ ಜಲ್ದಿ ಹೊಗಿ ಬಿಡ್ತದ.

ಇನ್ನ ರೊಟ್ಟಿ. ಅತ್ತಿಯವ್ರು ವಿಜಯಪುರದಿಂದ ಬಾಣೇರಿಗೆ ಬಂದಾಗ ಮೊದಲನೇ ದಿನ ಆ ಕಪ್ಪು ಗಾಜು ನೋಡಿ, ಉರಿ ಎಲ್ಲದವಾ ಇದಕ್ಕ, ರೊಟ್ಟಿ ಹೆಂಗ ಉಬ್ಬಬೇಕು ಅಂದ್ರು. ಅವ್ರು ಕೇಳಿದ್ದು ಖರೇನ ಇತ್ತು. ರೊಟ್ಟಿ ಹಂಚಿನ ಮ್ಯಾಲ ಹಾಕಿ, ನೀರು ಸವರಿ, ತಿರುವಿ ಹಾಕೋತನಕ ಎಲ್ಲಾ ಆಗ್ತದ, ಆದ್ರ ಅಂಚಿಗೆ ಉರಿ ತಾಗೋದಿಲ್ಲ, ಉರಿಗೆ ಒಡ್ಡಿ ಉಬ್ಬಸೋದು ಇಲ್ಲ. ಕಡೀಕ ಅವ್ರ ದಾರಿ ಹುಡುಕಿದ್ರು. ಒಲಿ ವರ್ತುಲಕ್ಕ ಸರಿಯಾಗಿ ಕೂಡೋ ಸಪಾಟ ಕಬ್ಬಿಣದ ಹಂಚು, ಹತ್ತು ನಿಮಿಷ ಮೊದಲ ಕಾಯಾಕ ಇಡೋದು, ರೊಟ್ಟಿ ಹಂಚಿಗಿಂತ ಒಂದು ಬೆರಳ ಸಣ್ಣ ಬಡಿಯೋದು, ತಿರುವಿದ ಮ್ಯಾಲ ಮಡಚಿದ ಅರಿವಿಲೆ ಅಂಚಿನಿಂದ ಸುತ್ತ ಒತ್ತುತಾ ಬರೋದು, ಹಂಗ ಒತ್ತಿದ್ರ ಹವಾ ನಡುವ ಸೇರಿ ಉಬ್ಬತದ. ರೊಟ್ಟಿ ಛಲೋ ಆದ್ವು, ಆದ್ರ ಗ್ಯಾಸಿಗಿಂತ ಟೈಮ್ ಹೆಚ್ಚು. ಬದನಿಕಾಯಿ ಸುಡೋದು, ಹಪ್ಪಳ ಸುಡೋದು ಮಾತ್ರ ಗಾಜಿನ ಮ್ಯಾಲ ಆಗೋದಿಲ್ಲ, ಮಾಡಾಕೂ ಹೋಗಬ್ಯಾಡ್ರಿ. ತಂತಿ ಜಾಳಗಿ ಇಟ್ರ ಗಾಜು ಗೀರ್ತದ. ದಿನಾ ರೊಟ್ಟಿ ಮಾಡೋ ಮನ್ಯಾಗ ಒಂದ ಗ್ಯಾಸ್ ಬರ್ನರ್ ಇರ್ಲೇಬೇಕು ಅಂತ ನಾನು ಎಲ್ಲಾರಿಗೂ ಗಟ್ಟಿಯಾಗಿ ಹೇಳ್ತೀನಿ, ಗುರುವಾರ ರಿಪೇರಿ ಅಂತ ಕರೆಂಟ್ ತಗದಾಗಲೂ ಅದ ಕೈ ಹಿಡೀತದ.

ವಾಯರಿಂಗ್ ವಿಷಯ ಬ್ಯಾಸರ ಮಾಡ್ಕೊಳ್ಳದ ಓದ್ರಿ, ಮನಿಗೆ ಬೆಂಕಿ ಹತ್ತೋ ಮಾತಿದು. 2000 ವ್ಯಾಟ್ ಒಲಿ 230 ವೋಲ್ಟಿನಾಗ ಸುಮಾರು 8.7 ಆಂಪಿಯರ್ ಎಳೀತದ, ಮೊಬೈಲ್ ಚಾರ್ಜರ್ ಹಾಕೋ ಸಣ್ಣ ಪ್ಲಗ್ ಇರ್ತದಲ್ಲ ಅದು 6 ಆಂಪಿಯರಿಂದು. ಅದರಾಗ ಹಾಕಿದ್ರ ಸಾಕೆಟ್ ಕಾಯ್ತದ, ಕರಗ್ತದ. 16 ಆಂಪಿಯರ್ ದಪ್ಪ ಪಿನ್ನಿನ ಪಾಯಿಂಟ್ ಬೇಕು, 4 ಸ್ಕ್ವೇರ್ ಎಂಎಂ ತಾಮ್ರದ ವಾಯರ್, ಅರ್ಥಿಂಗ್ ಸರಿ ಇರ್ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಬ್ಯಾಡ. ನಾಕು ಒಲಿ ಹಾಬ್ ಆದ್ರ ಎಲ್ಲಾ ಸೇರಿ 6 ರಿಂದ 7 ಕಿಲೋವ್ಯಾಟ್, ಅಂದ್ರ 30 ಆಂಪಿಯರ್ ಹತ್ರ, ಅದಕ್ಕ ಬೋರ್ಡಿನಿಂದ ಬ್ಯಾರೆ ಲೈನ್, ಬ್ಯಾರೆ ಎಂಸಿಬಿ, ಅಂದ್ರ ಲೋಡ್ ಹೆಚ್ಚಾದ್ರ ತಾನ ಕರೆಂಟ್ ಕಡಿಯೋ ಸ್ವಿಚ್, ಬೇಕು. ಮಹಾವಿತರಣ, ಅಂದ್ರ ಮಹಾರಾಷ್ಟ್ರದ ಕರೆಂಟ್ ಕಂಪನಿ, ಅದರ ಬಿಲ್ಲಿನ ಮ್ಯಾಲ ಮಂಜೂರ್ ಭಾರ್ (ನಿಮ್ಮ ಮನಿಗೆ ಮಂಜೂರಾದ ಲೋಡ್) ಅಂತ ಬರ್ದಿರ್ತದ ನೋಡ್ರಿ, ಅದು 3 ಕಿಲೋವ್ಯಾಟ್ ಇದ್ದು ನೀವು ಒಲಿ, ಗೀಝರ್, ಏಸಿ ಕೂಡೇ ಹಚ್ಚಿದ್ರ ಆಗೋದಿಲ್ಲ, ಲೋಡ್ ಹೆಚ್ಚಸ್ಕೊಂಡು ಆಮ್ಯಾಲ ಒಲಿ ತರ್ರಿ.

ಖರ್ಚು ಎಲ್ಲಾರೂ ಕೇಳ್ತಾರ. 14.2 ಕೆಜಿ ಸಿಲಿಂಡರಿನಾಗ ಇರೋ ಶಾಖ ಕರೆಂಟಿನ ಲೆಕ್ಕದಾಗ ಸುಮಾರು 180 ಯೂನಿಟ್. ಐಎಸ್‌ಐ ಗುರುತಿನ ಗ್ಯಾಸ್ ಒಲಿ ಅದರಾಗ ಕನಿಷ್ಠ 68 ಪರ್ಸೆಂಟ್ ಬೋಗೋಣಿಗೆ ಮುಟ್ಟಿಸ್ಬೇಕು ಅಂತ ನಿಯಮ ಅದ, ಇಂಡಕ್ಷನ್ 85 ಪರ್ಸೆಂಟ್ ಹತ್ರ ಮುಟ್ಟಸ್ತದ, ಕಾಯಿಲ್ 70-75. ಅಂದ್ರ ಒಂದು ಸಿಲಿಂಡರ್ ಅಡಗಿಗೆ ಇಂಡಕ್ಷನ್ ಸುಮಾರು 145 ಯೂನಿಟ್, ಕಾಯಿಲ್ ಸುಮಾರು 165 ರಿಂದ 175 ತಿಂತದ. ಇದಕ್ಕ ಯೂನಿಟ್ ದರ ಗುಣಿಸೋವಾಗ ಒಂದು ತಪ್ಪು ಮಾಡಬ್ಯಾಡ್ರಿ, ಬಿಲ್ಲಿನಾಗಿನ ಮೊದಲ 100 ಯೂನಿಟಿನ ಅಗ್ಗದ ದರ ಹಿಡೀಬ್ಯಾಡ್ರಿ. ಅದು ಲೈಟು ಫ್ರಿಜ್ಜಿಗೇ ಮುಗದಿರ್ತದ, ಒಲಿದು ಬಂದು ಕೂಡೋದು 101 ರಿಂದ 300 ರ ತುಟ್ಟಿ ಸ್ಲ್ಯಾಬಿನಾಗ. ಗೋವಾದಾಗ ಕರೆಂಟ್ ದರ ಮಹಾರಾಷ್ಟ್ರಕ್ಕಿಂತ ಕಡಿಮಿ, ಅಲ್ಲಿ ಇರೋರಿಗೆ ಲೆಕ್ಕ ಬ್ಯಾರೆ ಬರ್ತದ.

ಈಗ ಆ ಗಾಜಿನ ಮಾತು, ಇದ ನನ್ನ ಮನಸಿಗೆ ಭಾಳ ಹತ್ತಿದ್ದು. ಇದು ಕಿಟಕಿ ಗಾಜಲ್ಲ, ಗ್ಲಾಸ್ ಸಿರಾಮಿಕ್. 1953 ರಾಗ ಅಮೆರಿಕಾದ ಕಾರ್ನಿಂಗ್ ಕಂಪನ್ಯಾಗ ಡೊನಾಲ್ಡ್ ಸ್ಟೂಕಿ ಅನ್ನೋ ವಿಜ್ಞಾನಿ ಗಾಜಿನ ತುಂಡನ್ನ 600 ಡಿಗ್ರಿಗೆ ಕಾಯಿಸ್ಬೇಕಂತ ಇಟ್ಟಿದ್ರು, ಭಟ್ಟಿ ಕೈಕೊಟ್ಟು 900 ಮುಟ್ಟಿತು, ಕರಗಿ ಹೋಗಿರ್ತದ ಅಂತ ನೋಡಿದ್ರ ಕರಗಿಲ್ಲ, ಕೆಳಗ ಬಿದ್ರೂ ಒಡೀಲಿಲ್ಲ. ಹಂಗ ಸಿಕ್ಕ ವಸ್ತುವಿನ ವಂಶದ್ದ ಇದು, ಕಾದ್ರೂ ಹಿಗ್ಗೋದಿಲ್ಲ ಅನ್ನಬಹುದು, ಅದಕ್ಕ ಕಾದ ಒಲಿ ಮ್ಯಾಲ ರೊಟ್ಟಿಯ ನೀರು ಹನಿ ಬಿದ್ರೂ ಸೀಳೋದಿಲ್ಲ. ಆದ್ರ ಬೆಲ್ಲಕ್ಕ ಸೋಲ್ತದ. ಸಂಕ್ರಾಂತಿಗೆ ಶೇಂಗಾದ ಉಂಡಿಗೆ ಪಾಕ ಇಟ್ಟಿದ್ದೆ, ಒಂದು ಚಮಚದಷ್ಟು ಉಕ್ಕಿ ಗಾಜಿಗೆ ಬಿತ್ತು, ಆರಿದ ಮ್ಯಾಲ ತಗದ್ರಾತು ಅಂತ ಬಿಟ್ಟೆ. ಮುಂಜಾನಿ ನೋಡಿದ್ರ ಕಲ್ಲಾಗಿ ಕೂತಿತ್ತು, ಚಾಕುಲೆ ಎಬ್ಬಿಸಿದ್ರ ಪಾಕದ ಚಕ್ಕಿ ಕೂಡ ಗಾಜಿನ ಸಣ್ಣ ಪದರ ಎದ್ದು ಬಂತು. ತೊಗರಿ ಬ್ಯಾಳಿಯಷ್ಟು ಕುಳಿ, ದೂರಿಂದ ಕಾಣೋದಿಲ್ಲ, ಒರಸೋವಾಗ ಪ್ರತಿ ಸಲ ಉಗುರಿಗೆ ಸಿಕ್ಕತಿತ್ತು. ಮನಿ ಬಿಡೋವಾಗ ಮಾಲಕರು ಡಿಪಾಜಿಟ್‌ದಾಗ ಗಾಜಿನ ದುಡ್ಡು ಹಿಡ್ಕೊಂಡ್ರು. ಸಕ್ಕರಿ, ಬೆಲ್ಲ, ಜಾಮ್ ಆರೋವಾಗ ಗಾಜಿಗೆ ಕಚ್ಚಿ ಕುಗ್ಗತಾವ, ಆ ಎಳತಕ್ಕ ಗಾಜು ಕಿತ್ತು ಬರ್ತದ. ಅದಕ್ಕ ಸಿಹಿ ಚೆಲ್ಲಿದ್ರ ಮಾತ್ರ ಆರೋತನಕ ಕಾಯಬಾರದು. ಒಲಿ ಬಂದ್ ಮಾಡಿ, ಬೋಗೋಣಿ ಎತ್ತಿ, ಕೈಗೆ ದಪ್ಪ ಅರಿವಿ ಸುತ್ಕೊಂಡು, ಉದ್ದ ಹಿಡಿ ಸ್ಕ್ರೇಪರಿಲೆ ಬಿಸಿ ಇರೋವಾಗಲೇ ಪಾಕನ ತಣ್ಣನ ಕಡಿ ತಳ್ರಿ, ಉಳಿದಿದ್ದನ್ನ ಆರಿದ ಮ್ಯಾಲ ಹಸಿ ಅರಿವಿಲೆ ಒರಸ್ರಿ. ಪ್ಲಾಸ್ಟಿಕ್ ಚೀಲ ಕರಗಿ ಅಂಟಿದ್ರೂ ಇದ ಪದ್ಧತಿ.

ಬ್ಯಾರೆ ಕಲೆಗೆಲ್ಲ ಅವಸರ ಬ್ಯಾಡ, ಪೂರಾ ಆರಿದ ಮ್ಯಾಲನ. ಸೀದು ಹತ್ತಿದ ಹಾಲು, ಬ್ಯಾಳಿ ಕಟ್ಟು ಇದ್ರ ರೇಜರ್ ಬ್ಲೇಡಿನ ಸ್ಕ್ರೇಪರ್ ಚಪ್ಪಟಿ ವಾರಿಯಾಗಿ ಹಿಡದು ಮೆಲ್ಲಕ ದೂಡ್ರಿ, ಪುಣೆದ ಬೋಹರಿ ಆಳಿ ಓಣ್ಯಾಗಿನ ಹಾರ್ಡ್‌ವೇರ್ ಅಂಗಡ್ಯಾಗ ಸಿಕ್ತದ. ಬೆಳ್ಳಗ ನೀರಿನ ಕಲೆ ಬೀಳ್ತಾವಲ್ಲ, ಬೋರ್ ನೀರು, ಟ್ಯಾಂಕರ್ ನೀರು ಬರೋ ಸೊಸೈಟ್ಯಾಗ ಇದು ಭಾಳ, ಬಿಳಿ ವಿನೆಗರ್ ಹನಿಸಿ ಹತ್ತು ನಿಮಿಷ ಬಿಟ್ಟು ಒರಸ್ರಿ. ಅಲ್ಯುಮಿನಿಯಂ ಕುಕ್ಕರ್ ಎಳದಾಡಿದ್ರ ಬೂದಿ ಬಣ್ಣದ ಗೆರಿ ಬೀಳ್ತಾವ, ಅವು ಗೀರಲ್ಲ, ಲೋಹ ಹತ್ತಿದ್ದು, ಅಡಗಿ ಸೋಡಾ ವಿನೆಗರ್ ಕಲಸಿ ಮೆತ್ತನ ಅರಿವಿಲೆ ತಿಕ್ಕಿದ್ರ ಹೋಗ್ತಾವ. ತಂತಿ ಬ್ರಶ್, ಭಾಂಡೆ ತಿಕ್ಕೋ ಪೌಡರ್ ಗಾಜಿಗೆ ಮುಟ್ಟಿಸಬ್ಯಾಡ್ರಿ, ಕೆಲಸಕ್ಕ ಬರೋ ಬಾಯಿಯವ್ರಿಗೂ ಮೊದಲನೇ ದಿನಾನ ತೋರಿಸಿ ಹೇಳ್ರಿ. ಬೀಡು ಕಬ್ಬಿಣದ ದ್ವಾಸಿ ಹಂಚು ಎತ್ತಿ ಇಡ್ರಿ, ಎಳೀಬ್ಯಾಡ್ರಿ.

ಕಾಯಿಲ್ ಒಲಿ ಬಂದ್ ಮಾಡಿದ ಮ್ಯಾಲ ಕೆಂಪು ಹೋದ್ರೂ ಗಾಜು ಭಾಳ ಹೊತ್ತು ಸುಡ್ತಿರ್ತದ, ಬಿಸಿ ಅದ ಅಂತ ತೋರಿಸೋ ಸಣ್ಣ ಲೈಟ್ ಇರೋದನ್ನ ತಗೋರಿ, ಸಣ್ಣ ಹುಡುಗ್ರು ಇದ್ರ ಹಿಂದಿನ ಒಲಿ ಮೊದಲ ಬಳಸ್ರಿ. ಕಟ್ಟಿ ಥರ ಸಪಾಟ ಅದ ಅಂತ ಅದರ ಮ್ಯಾಲ ಕಾಯಿಪಲ್ಯೆ ಚೀಲ, ಪೇಪರ್ ಇಡೋ ರೂಢಿ ಬ್ಯಾಡ. ಮನ್ಯಾಗ ಯಾರಿಗರ ಪೇಸ್‌ಮೇಕರ್ ಹಾಕಿದ್ರ ಇಂಡಕ್ಷನ್ ತರೋ ಮೊದಲ ಡಾಕ್ಟರನ್ನ ಕೇಳ್ರಿ. ಇಂಡಕ್ಷನ್ ಅಡಗಿ ಮುಗದ ಮ್ಯಾಲ ಒಳಗಿನ ಫ್ಯಾನ್ ನಿಲ್ಲೋತನಕ ಪ್ಲಗ್ ತಗೀಬ್ಯಾಡ್ರಿ. ಮುಂಬೈ, ಗೋವಾ ಕಡಿ ಸಮುದ್ರದ ಹವಾಕ್ಕ ಒಳಗಿನ ಬೋರ್ಡ್ ಜಂಗ ಹಿಡೀತದ, ಮತ್ತ ಬೆಚ್ಚಗ ಇರ್ತದಂತ ಝುರಳಿ ಹೋಗಿ ಮನಿ ಮಾಡ್ತಾವ, ಮಡಗಾಂವದಾಗಿನ ನನ್ನ ತಂಗಿ ಒಲಿ ಮಳಿಗಾಲದಾಗ ಹಿಂಗ ಎರಡು ಸಲ ಬಂದ್ ಬಿತ್ತು, ಈಗ ಆಕಿ ರಾತ್ರಿ ಒರಸಿ ಕಪಾಟದಾಗ ಎತ್ತಿ ಇಡ್ತಾಳ.

ಕಡೀದು, ಮ್ಯಾಲಿನ ಕಪಾಟಿನಿಂದ ಡಬ್ಬಿ ಬಿದ್ದೋ ಕುಕ್ಕರ್ ಕೈ ಜಾರಿಯೋ ಗಾಜಿಗೆ ಕೂದಲೆಳಿಯಷ್ಟು ಸೀಳು ಬಂತು ಅಂದ್ರೂ ಅವತ್ತಿನಿಂದ ಅದರ ಮ್ಯಾಲ ಅಡಗಿ ಬ್ಯಾಡ. ಚೆಲ್ಲಿದ ನೀರು ಸೀಳಿನಿಂದ ಒಳಗ ಇಳದ್ರ ಶಾಕ್ ಹೊಡೀತದ. ಗಾಜು ಮುಟ್ಟಬ್ಯಾಡ್ರಿ, ಗೋಡಿ ಮ್ಯಾಲಿನ ಎಂಸಿಬಿ ಕೆಳಗ ಮಾಡ್ರಿ, ಟೇಪ್ ಹಚ್ಚಿ ನಾಕು ದಿನ ನಡಸೋಣ ಅನ್ನೋ ವಿಚಾರ ಬಿಟ್ಟು ಕಂಪನಿ ಸರ್ವಿಸ್‌ನವ್ರನ್ನ ಕರೀರಿ. ಹೊಸ ಒಲಿ ಕೊಳ್ಳೋವಾಗಲೇ ಗಾಜು ಬ್ಯಾರೆ ಸಿಕ್ತದೇನು, ಎಷ್ಟಾಗ್ತದ ಅಂತ ಕೇಳಿ ಬಿಲ್ಲಿನ ಹಿಂದ ಬರದು ಇಟ್ಕೊಳ್ರಿ, ವಾರಂಟಿದಾಗ ಒಡದ ಗಾಜು ಸಾಮಾನ್ಯವಾಗಿ ಬರೋದಿಲ್ಲ.