‘ಉಡುಪಿ ಹೋಟೆಲ್’ ಪದ ಬಿಟ್ಟ ಮೇಲೆ ಕೋಣೆ ಕೇಳಿ ಫೋನ್ ಬರತೊಡಗಿತು

ಮಲ್ಪೆಯಲ್ಲಿ ನಮ್ಮದು ಮೂರು ಕೋಣೆಗಳ ಹೋಮ್‌ಸ್ಟೇ. ವೆಬ್‌ಸೈಟ್ ನೋಡುವವರು ತುಂಬ ಜನ, ಬುಕಿಂಗ್ ಮಾತ್ರ ಇಲ್ಲ. ಬರುವ ಫೋನ್‌ಗಳೋ, “ಮಸಾಲೆ ದೋಸೆ ಪಾರ್ಸೆಲ್ ಉಂಟಾ?” ಅಂತ, ಅದೂ ಮುಂಬೈಯಿಂದ!

ಸೈಟ್ ಇರುವವರಿಗೆ ಗೂಗಲ್ ಉಚಿತವಾಗಿ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಪರ್ಫಾರ್ಮೆನ್ಸ್ ವರದಿ ತೆರೆದಾಗ ಕಾರಣ ಕಂಡಿತು. ಜನ ಏನು ಟೈಪ್ ಮಾಡಿ ನಮ್ಮ ಪುಟ ಕಂಡರು ಎಂಬುದು ಅಲ್ಲಿ 16 ತಿಂಗಳವರೆಗಿನದು ಸಿಗುತ್ತದೆ. ಮೇಲಿನ ಸಾಲಿನಲ್ಲೇ ‘ಉಡುಪಿ ಹೋಟೆಲ್’. ಸೈಟಿನ ಶೀರ್ಷಿಕೆಗೆ ನಾನೇ ಹಾಕಿದ್ದ ಪದ. ಊರೂರಲ್ಲಿ ಅದರ ಅರ್ಥ ಸಸ್ಯಾಹಾರಿ ಊಟ-ತಿಂಡಿಯ ಜಾಗ, ಉಳಿಯುವ ಕೋಣೆಯಲ್ಲ.

ಪಟ್ಟಿಯನ್ನು ಕೆಳಗೆ ಸರಿಸುತ್ತ ಹೋದೆ. ‘ಮಲ್ಪೆ ಬೀಚ್ ಹತ್ತಿರ ಅಡುಗೆಮನೆ ಇರುವ ಫ್ಯಾಮಿಲಿ ರೂಮ್’, ‘ಮೆಟ್ಟಿಲಿಲ್ಲದ ಹೋಮ್‌ಸ್ಟೇ ಮಲ್ಪೆ’. ಹುಡುಕಿದವರು ಕಡಿಮೆ, ಆದರೆ ಹೆಚ್ಚಿನವರು ಕ್ಲಿಕ್ ಮಾಡಿದ್ದರು. ಇಷ್ಟು ಬಿಡಿಸಿ ಟೈಪ್ ಮಾಡುವವರು ಹೊರಡಲು ತಯಾರಾದವರೇ.

ಶೀರ್ಷಿಕೆ ಬದಲಿಸಿದೆ. ನೆಲಮಹಡಿಯ ಕೋಣೆಗೇ ಬೇರೆ ಪುಟ ಮಾಡಿದೆ: ಬಾಗಿಲ ಅಗಲ, ಬಚ್ಚಲಿನ ಹಿಡಿಕೆ, ಗ್ಯಾಸ್ ಒಲೆಯ ಫೋಟೊ. ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇರುವುದಿಲ್ಲ ಎಂದೂ ಬರೆದೆ. ಅದನ್ನು ಮುಚ್ಚಿಟ್ಟರೆ ಬಂದವರಿಗೆ ಮೋಸ ಮಾಡಿದಂತೆ. ಅದೇ ಪದಗಳನ್ನು ಹತ್ತು ಸಲ ತುರುಕಲಿಲ್ಲ, ಓದುವವರಿಗೆ ಕಿರಿಕಿರಿ.

ಎರಡು ತಿಂಗಳಲ್ಲಿ ಸೈಟಿಗೆ ಬರುವವರು ಅರ್ಧಕ್ಕಿಳಿದರು. ಆದರೆ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿ, “ಅವ್ವಗ ಮೊಣಕಾಲ್ ನೋವ್ರಿ, ಆ ಕೆಳಗಿನ ರೂಮ್ ಐತೇನ್ರಿ?” ಅಂದರು. ನಾಲ್ಕು ದಿನ ಉಳಿದು ಹೋದರು.